ಡಾಂಬರು ರಸ್ತೆ ಕಂಡುಹಿಡಿದವರು ಮೆಕಾಡಂ ಅಲ್ಲ! ಹಾಗಾದರೆ ಅವರು ಮಾಡಿದ್ದೇನು?

ಡಾಂಬರು ರಸ್ತೆಯನ್ನು ಕಂಡುಹಿಡಿದವರು ಮೆಕಾಡಂ ಎಂದು ನೀವೂ ಎಲ್ಲೋ ಓದಿರಬಹುದು. ಅದು ತಪ್ಪು. ಜಾನ್ ಲೌಡನ್ ಮೆಕಾಡಂ ಅವರ ವಿಧಾನದಲ್ಲಿ ಡಾಂಬರು ಇರಲೇ ಇಲ್ಲ. ಕಲ್ಲಿಗೆ ಡಾಂಬರು ಬೆರೆಸುವ 'ಟಾರ್ಮ್ಯಾಕ್'ಗೆ ಎಡ್ಗರ್ ಹೂಲಿ ಪೇಟೆಂಟ್ ಪಡೆದದ್ದು 1902ರಲ್ಲಿ. ಅಷ್ಟರಲ್ಲಿ ಮೆಕಾಡಂ ತೀರಿಕೊಂಡು 66 ವರ್ಷಗಳಾಗಿದ್ದವು.

ಮೆಕಾಡಂ 1756ರಲ್ಲಿ ಸ್ಕಾಟ್ಲೆಂಡಿನ ಏರ್ ಪಟ್ಟಣದಲ್ಲಿ ಹುಟ್ಟಿದರು. ತಂದೆ ತೀರಿಕೊಂಡಾಗ 14ರ ಹುಡುಗ. ನ್ಯೂಯಾರ್ಕಿನಲ್ಲಿದ್ದ ಸಂಬಂಧಿಕರ ಬಳಿ ಹೋಗಿ ವ್ಯಾಪಾರದಲ್ಲಿ ಚೆನ್ನಾಗಿ ದುಡಿದರು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟನ್ ಪರ ನಿಂತದ್ದರಿಂದ ಆಸ್ತಿ ಕಳೆದುಕೊಂಡು 1783ರಲ್ಲಿ ಊರಿಗೆ ಮರಳಿದರು. ಎಂಜಿನಿಯರಿಂಗ್ ಓದಿದವರಲ್ಲ. ಸುಂಕದ ರಸ್ತೆಗಳ ಟ್ರಸ್ಟಿಯಾದ ಮೇಲೆ ರಸ್ತೆಯ ಹುಚ್ಚು ಹತ್ತಿತು. ಕೈಯಿಂದ ಖರ್ಚು ಮಾಡಿ ಸಾವಿರಾರು ಮೈಲಿ ತಿರುಗಿ ರಸ್ತೆಗಳನ್ನು ನೋಡಿದರು.

ಎಲ್ಲೆಡೆ ಕಂಡದ್ದು ಒಂದೇ. ರಸ್ತೆ ಕೆಟ್ಟಾಗಲೆಲ್ಲ ಮೇಲೆ ಮಣ್ಣು ಬೆರೆತ ಕಲ್ಲು ಸುರಿಯುತ್ತಿದ್ದರು, ಮಳೆ ಬಂದರೆ ಮತ್ತೆ ಕೆಸರು.

1816ರಲ್ಲಿ, 60ರ ಹೊಸ್ತಿಲಲ್ಲಿ, ಬ್ರಿಸ್ಟಲ್ ಸುತ್ತಲಿನ ರಸ್ತೆಗಳ ಉಸ್ತುವಾರಿ ಸಿಕ್ಕಿತು. ಬೇಕಾದ ಕಲ್ಲು ಹಳೆ ರಸ್ತೆಯಲ್ಲೇ ಇದೆ, ಹೊಸದು ತರಿಸಬೇಕಿಲ್ಲ ಎಂಬುದು ಅವರ ವಾದ. ರಸ್ತೆಯನ್ನು ಸುಮಾರು 4 ಇಂಚು ಅಗೆದು, ದೊಡ್ಡ ಕಲ್ಲುಗಳನ್ನು ಬದಿಗೆ ಎಳೆದು, ಸಣ್ಣ ಸುತ್ತಿಗೆಯಿಂದ ಒಡೆಸಿದರು. ಕುಳಿತು ಮಾಡುವ ಕೆಲಸವಾದ್ದರಿಂದ ಹೆಂಗಸರು, ಮುದುಕರು, ಹುಡುಗರೂ ಕಲ್ಲು ಒಡೆಯಬಹುದಿತ್ತು. ಒಂದೊಂದು ಕಡಿ 6 ಔನ್ಸ್, ಅಂದರೆ ಸುಮಾರು 170 ಗ್ರಾಂ ಮೀರಬಾರದು. ಕಡಿ ಬಾಯಲ್ಲಿ ಹಿಡಿಸುತ್ತದೆಯೇ ಎಂದು ಕೂಲಿಯವರು ನೋಡುತ್ತಿದ್ದರಂತೆ! ಇದು ಕಥೆಯೇ ಇರಬೇಕು. ಅದೇ ಕಡಿಯನ್ನು ಮಣ್ಣು ಬೆರೆಸದೆ ಅಲ್ಲೇ ಹರಡಿದರೆ, ಗಾಡಿಯ ಚಕ್ರಗಳು ತುಳಿದು ಗಟ್ಟಿ ಮಾಡುತ್ತಿದ್ದವು.

ಭಾರ ಹೊರುವುದು ಕೆಳಗಿನ ಒಣ ನೆಲ, ಕಡಿ ಬರೀ ಮಾಳಿಗೆ ಇದ್ದಂತೆ ಎಂದು ಅವರು ತಿಳಿದಿದ್ದರು. ಮಾಳಿಗೆ ಸೋರಿದರೆ ಮಣ್ಣಿನ ಗೋಡೆಯ ಗತಿ ಏನು? ಬಾಗೇವಾಡಿ, ಇಂಗಳೇಶ್ವರ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುವ ಎರೆ ನೆಲದಲ್ಲಿ ನೀರು ಇಳಿದರೆ ಮೇಲಿನ ರಸ್ತೆ ನಿಲ್ಲುವುದಿಲ್ಲ.

1823ರಲ್ಲಿ ಪಾರ್ಲಿಮೆಂಟ್ ಸಮಿತಿ ಅವರ ಕೆಲಸವನ್ನು ವಿಚಾರಿಸಿತು. ನಂತರ ಸರ್ಕಾರ ಹಣ ಕೊಟ್ಟಿತು, 'ಸರ್' ಬಿರುದನ್ನು ಮಾತ್ರ ಅವರು ಒಲ್ಲೆ ಎಂದರು. 1836ರಲ್ಲಿ ಮಾಫಟ್‌ನಲ್ಲಿ ನಿಧನರಾದರು. ನಮ್ಮ ಪಿಡಬ್ಲ್ಯುಡಿ ಎಸ್ಟಿಮೇಟ್‌ಗಳಲ್ಲಿ 'ವಾಟರ್ ಬೌಂಡ್ ಮೆಕಾಡಂ' ಎಂದು ಅವರ ಹೆಸರು ಇಂದಿಗೂ ಇದೆ.

ಈಗ ಸುತ್ತಿಗೆಯ ಕೆಲಸವನ್ನು ಯಂತ್ರ ಮಾಡುತ್ತದೆ. ಹಳೆ ರಸ್ತೆಯನ್ನು ಅಲ್ಲೇ ಕೆರೆದು ಪುಡಿ ಮಾಡಿ, ಸಿಮೆಂಟ್ ಅಥವಾ ಡಾಂಬರಿನ ಎಮಲ್ಷನ್ ಬೆರೆಸಿ, ಮತ್ತೆ ಹಾಸಿ ರೋಲರ್ ಓಡಿಸುತ್ತಾರೆ. ಡಾಂಬರು ರಸ್ತೆಯ ಮರುಬಳಕೆಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2015ರಲ್ಲೇ ಮಾರ್ಗಸೂಚಿ ಪ್ರಕಟಿಸಿದೆ. ಹೊಸ ಕಡಿಗಾಗಿ ಗುಡ್ಡ ಒಡೆಯುವುದು, ಲಾರಿ ಬಾಡಿಗೆ ಎರಡೂ ಕಡಿಮೆ. ಪದರದ ಮೇಲೆ ಪದರ ಹಾಕಿ ರಸ್ತೆ ಮನೆಯ ಹೊಸ್ತಿಲಿಗಿಂತ ಎತ್ತರವಾಗುವುದೂ ಕಡಿಮೆಯಾಗುತ್ತದೆ. ಆದರೆ ಬದಿಯಲ್ಲಿ ಗಟಾರ ಇಲ್ಲದಿದ್ದರೆ ಈ ಯಂತ್ರದಿಂದಲೂ ಹೆಚ್ಚು ಉಪಯೋಗವಿಲ್ಲ.