ಚುಕ್ಕಾಣಿ ಹಿಡಿದ ರಾಬರ್ಟ್ ಸ್ಮಾಲ್ಸ್

ಅಮೆರಿಕದಲ್ಲಿ ಗುಲಾಮಗಿರಿ ಹೇಗೆ ಹೋಯ್ತು ಅಂತ ಕೇಳಿದ್ರೆ ನಮ್ಮಲ್ಲಿ ಹೆಚ್ಚಿನವರು ಒಂದೇ ಹೆಸರು ಹೇಳ್ತೀವಿ, ಅಬ್ರಹಾಂ ಲಿಂಕನ್. ಹೈಸ್ಕೂಲಿನ ಪಾಠವೂ ಅಲ್ಲಿಗೇ ಮುಗಿಯುತ್ತೆ. ಯುದ್ಧ ಆಯ್ತು, ಉತ್ತರದವರು ಗೆದ್ದರು, ಗುಲಾಮರಿಗೆ ಬಿಡುಗಡೆ ಸಿಕ್ಕಿತು, ಲಿಂಕನ್‌ಗೆ ಗುಂಡು ಹೊಡೆದರು. ಪಾಠ ಮುಗೀತು.

ಆದರೆ ಮಾರನೇ ದಿನದಿಂದ ಏನಾಯ್ತು? ಸುಮಾರು 40 ಲಕ್ಷ ಜನ ಯಾರದೋ ಆಸ್ತಿಯ ಪಟ್ಟಿಯಿಂದ ಹೊರಗೆ ಬಂದು ನಿಂತಾಗ ಅವರಿಗೆ ಮನೆ ಎಲ್ಲಿ, ಶಾಲೆ ಎಲ್ಲಿ, ಓಟು ಉಂಟೋ ಇಲ್ವೋ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಿದ ಆ ಹನ್ನೆರಡು ವರ್ಷಗಳನ್ನು, ಅಂದರೆ 1865ರಿಂದ 1877ರವರೆಗಿನ ಕಾಲವನ್ನು, ಇತಿಹಾಸದಲ್ಲಿ ಪುನರ್‌ನಿರ್ಮಾಣ ಯುಗ ಅಂತಾರೆ. ಆ ಯುಗ ಅರ್ಥ ಆಗಬೇಕಾದರೆ ಒಬ್ಬ ಹಡಗು ನಡೆಸುವವರ ಕಥೆ ತಿಳಿದರೆ ಸಾಕು. ಅವರ ಹೆಸರು ರಾಬರ್ಟ್ ಸ್ಮಾಲ್ಸ್.

ರಾಬರ್ಟ್ ಹುಟ್ಟಿದ್ದು 1839ರ ಏಪ್ರಿಲ್ 5ರಂದು, ದಕ್ಷಿಣ ಕೆರೊಲಿನಾ ರಾಜ್ಯದ ಬ್ಯೂಫರ್ಟ್ ಅನ್ನುವ ಕರಾವಳಿ ಊರಲ್ಲಿ. ತಾಯಿ ಲಿಡಿಯಾ ಮೆಕ್ಕೀ ಅನ್ನೋ ಕುಟುಂಬದ ಮನೆಯಾಳು, ಗುಲಾಮಳು. ಯಜಮಾನರ ಮನೆಯ ಹಿಂದಿದ್ದ ಸಣ್ಣ ಕೋಣೆಯಲ್ಲಿ ಮಗು ಹುಟ್ಟಿತು. ತಾಯಿ ಗುಲಾಮಳಾದರೆ ಮಗುವೂ ಗುಲಾಮ, ಕಾನೂನು ಅಷ್ಟೇ. ಅದೇ ರಾಜ್ಯದಲ್ಲಿ ಇನ್ನೊಂದು ಕಾನೂನೂ ಇತ್ತು. ಗುಲಾಮರಿಗೆ ಓದು ಬರಹ ಕಲಿಸಬಾರದು ಅಂತ 1834ರಲ್ಲೇ ನಿಷೇಧ ಮಾಡಿದ್ದರು. ಈ ಎರಡನೇ ಕಾನೂನನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಹುಡುಗನಿಗೆ 12 ವರ್ಷ ಆದಾಗ ಯಜಮಾನ ಅವನನ್ನು ಚಾರ್ಲ್ಸ್‌ಟನ್ ಪಟ್ಟಣಕ್ಕೆ ಬಾಡಿಗೆ ಕೆಲಸಕ್ಕೆ ಕಳಿಸಿದ. ದುಡಿಯೋದು ರಾಬರ್ಟ್, ಸಂಬಳ ಹೋಗೋದು ಯಜಮಾನನಿಗೆ, ಹುಡುಗನ ಕೈಗೆ ವಾರಕ್ಕೆ ಒಂದು ಡಾಲರ್. ಮೊದಲು ಹೋಟೆಲಲ್ಲಿ ಕೆಲಸ, ಆಮೇಲೆ ಬೀದಿದೀಪ ಹಚ್ಚುವ ಕೆಲಸ. ಆಮೇಲೆ ಬಂದರಿಗೆ ಹೋದ. ಅಲ್ಲಿ ಅವನಿಗೆ ತನ್ನ ವಿದ್ಯೆ ಸಿಕ್ಕಿತು. ಸರಕು ಹೊತ್ತ, ಹಾಯಿ ಹೊಲಿದ, ಹಗ್ಗ ಕಟ್ಟಿದ, ಕೊನೆಗೆ ಚುಕ್ಕಾಣಿ ಹಿಡಿದ. ಆ ಕರಾವಳಿಯಲ್ಲಿ ಎಲ್ಲಿ ಮರಳದಿಬ್ಬ ಇದೆ, ಉಬ್ಬರ ಬಂದಾಗ ಯಾವ ಕಾಲುವೆಯಲ್ಲಿ ಎಷ್ಟು ಆಳ ಇರುತ್ತೆ ಅನ್ನೋದೆಲ್ಲ ಬಾಯಿಪಾಠ ಆಯ್ತು. ಇಷ್ಟೆಲ್ಲ ಬಂದರೂ ಅವನನ್ನು ಪೈಲಟ್ ಅಂತ ಕರೆಯುತ್ತಿರಲಿಲ್ಲ. ಆ ಪದವಿ ಬಿಳಿಯರಿಗೆ ಮೀಸಲು. ಕಪ್ಪು ಮನುಷ್ಯ ಅದೇ ಕೆಲಸ ಮಾಡಿದರೂ ಅವನು ಬರೀ ಚಕ್ರ ಹಿಡಿಯೋನು.

1856ರ ಕ್ರಿಸ್‌ಮಸ್ ಹಿಂದಿನ ದಿನ ರಾಬರ್ಟ್ ಹೋಟೆಲ್ ಕೆಲಸದ ಹಾನಾ ಜೋನ್ಸ್ ಅವರನ್ನು ಮದುವೆಯಾದ. ಹಾನಾ ಕೂಡ ಗುಲಾಮಳೇ, ಆದರೆ ಬೇರೆ ಯಜಮಾನನಿಗೆ ಸೇರಿದವರು. ಮಗಳು ಎಲಿಜಬೆತ್ ಹುಟ್ಟಿದ ಮೇಲೆ ಸ್ಮಾಲ್ಸ್ ಹೋಗಿ ಆ ಯಜಮಾನನ ಹತ್ತಿರ ಹೆಂಡತಿ ಮಗಳ ಬೆಲೆ ಕೇಳಿದರು. 800 ಡಾಲರ್ ಅಂದ. ಇವರ ಕೈಯಲ್ಲಿ ಕೂಡಿದ್ದು 100 ಡಾಲರ್. ತಿಂಗಳಿಗೆ 15 ಡಾಲರ್ ತಮ್ಮ ಯಜಮಾನನಿಗೇ ಕಟ್ಟಬೇಕಿದ್ದ ಮನುಷ್ಯ ಉಳಿದ 700 ಯಾವಾಗ ಕೂಡಿಸೋದು? ಅಷ್ಟರೊಳಗೆ ಯಜಮಾನನಿಗೆ ಸಾಲವಾಗಿ ಹೆಂಡತಿ ಮಕ್ಕಳನ್ನು ಬೇರೆ ಊರಿಗೆ ಮಾರಿಬಿಟ್ಟರೆ ತಡೆಯೋರು ಯಾರು?

ಅಷ್ಟರಲ್ಲಿ ಯುದ್ಧ ಬಂತು. ಗುಲಾಮಗಿರಿ ಉಳಿಸಿಕೊಳ್ಳೋಕೆ ದಕ್ಷಿಣದ ರಾಜ್ಯಗಳು ದೇಶ ಬಿಟ್ಟು ಹೊರಟವು. ಮೊದಲು ಹೊರಟದ್ದು ಇದೇ ದಕ್ಷಿಣ ಕೆರೊಲಿನಾ, 1860ರ ಡಿಸೆಂಬರಲ್ಲಿ. ಮೊದಲ ಗುಂಡು ಹಾರಿದ್ದೂ ಚಾರ್ಲ್ಸ್‌ಟನ್ ಬಂದರಿನ ಬಾಯಲ್ಲಿರುವ ಸಮ್ಟರ್ ಕೋಟೆಯ ಮೇಲೆ, 1861ರ ಏಪ್ರಿಲಲ್ಲಿ. ಅದೇ ವರ್ಷ ಸ್ಮಾಲ್ಸ್ ಅವರನ್ನು ದಕ್ಷಿಣದ ಸೇನೆ ಬಾಡಿಗೆಗೆ ಪಡೆದಿದ್ದ ಪ್ಲಾಂಟರ್ ಅನ್ನುವ ಹಡಗಿಗೆ ಹಾಕಿದರು. 147 ಅಡಿ ಉದ್ದದ ಸ್ಟೀಮರ್, ಎರಡೂ ಪಕ್ಕದಲ್ಲಿ ದೊಡ್ಡ ಚಕ್ರ. ಮೊದಲು ಹತ್ತಿ ಸಾಗಿಸುತ್ತಿತ್ತು. ತಳ ನೀರಿಗೆ ಹೆಚ್ಚು ಇಳಿಯದ ಕಾರಣ ಆಳ ಇಲ್ಲದ ಕಾಲುವೆಗಳಲ್ಲೂ ಓಡಾಡುತ್ತಿತ್ತು. ಈಗ ಅದರ ಕೆಲಸ ಕೋಟೆಗಳಿಗೆ ತೋಪು ಮದ್ದು ಸಾಗಿಸೋದು, ನೀರಲ್ಲಿ ಸಿಡಿಗುಂಡು ಹೂಳೋದು. ಬಂದರಿನ ಹೊರಗೆ ಕೆಲವೇ ಮೈಲಿ ದೂರದಲ್ಲಿ ಉತ್ತರದ ನೌಕಾಪಡೆ ದಿಗ್ಬಂಧನ ಹಾಕಿ ನಿಂತಿತ್ತು. ಚಕ್ರದ ಹಿಂದೆ ನಿಂತರೆ ಆ ಹಡಗುಗಳು ದಿನಾ ಕಾಣುತ್ತಿದ್ದವು.

1862ರ ಮೇ 12ರ ರಾತ್ರಿ. ಹಡಗಿನ ಮೂವರು ಬಿಳಿ ಅಧಿಕಾರಿಗಳು ನಿಯಮ ಮುರಿದು ದಡದಲ್ಲೇ ಮಲಗೋಕೆ ಹೋದರು. ಹಡಗಲ್ಲಿ ಉಳಿದದ್ದು ಗುಲಾಮ ಸಿಬ್ಬಂದಿ ಮಾತ್ರ. ಅವರು ಮೊದಲೇ ಮಾತಾಡಿಕೊಂಡಿದ್ದರು. ಸಿಕ್ಕಿಬಿದ್ದರೆ ಶರಣಾಗೋದು ಬೇಡ, ಹಡಗನ್ನೇ ಮುಳುಗಿಸೋಣ ಅಂತ. ಬೆಳಗಿನ ಜಾವ ಮೂರರ ಸುಮಾರಿಗೆ ಬಾಯ್ಲರ್ ಹೊತ್ತಿಸಿದರು. ಸ್ಮಾಲ್ಸ್ ಕ್ಯಾಪ್ಟನ್ ಅಂಗಿ ತೊಟ್ಟು, ಆತನ ಅಗಲದ ಹುಲ್ಲಿನ ಟೋಪಿ ಇಟ್ಟುಕೊಂಡರು. ಮೊದಲು ಇನ್ನೊಂದು ಜೆಟ್ಟಿಗೆ ಹೋಗಿ ಅಲ್ಲಿ ಕತ್ತಲಲ್ಲಿ ಕಾಯ್ತಿದ್ದ ಹಾನಾ, ಮಕ್ಕಳು ಮತ್ತು ಉಳಿದವರ ಮನೆಯವರನ್ನು ಹತ್ತಿಸಿಕೊಂಡರು. ಎಲ್ಲ ಸೇರಿ ಸುಮಾರು 16 ಮಂದಿ.

ಈಗ ಐದು ಕೋಟೆ ದಾಟಬೇಕು. ಪ್ರತಿ ಕೋಟೆಗೂ ಸರಿಯಾದ ಸೀಟಿ ಹೊಡೆಯಬೇಕು, ಉದ್ದ ಎಷ್ಟು, ಗಿಡ್ಡ ಎಷ್ಟು ಅಂತ. ನಮ್ಮ ಭಾಷೇಲಿ ಹೇಳೋದಾದ್ರೆ ಅದೇ ಪಾಸ್‌ವರ್ಡ್. ತಿಂಗಳುಗಟ್ಟಲೆ ಚಕ್ರದ ಹಿಂದೆ ನಿಂತು ಕೇಳಿಸಿಕೊಂಡಿದ್ದ ಸ್ಮಾಲ್ಸ್‌ಗೆ ಅದು ಬಾಯಿಪಾಠ. ಟೋಪಿ ಮುಂದಕ್ಕೆ ಎಳೆದುಕೊಂಡು, ಕ್ಯಾಪ್ಟನ್ ಕೈಕಟ್ಟಿ ನಿಲ್ಲುವ ಹಾಗೇ ನಿಂತು, ಸೀಟಿ ಹೊಡೆಸಿದರು. ನಾಲ್ಕೂವರೆ ಸುಮಾರಿಗೆ ಸಮ್ಟರ್ ಕೋಟೆಯ ಕಾವಲಿನವರು ಹೋಗಲು ಬಿಟ್ಟರು. ತೋಪು ಮುಟ್ಟದಷ್ಟು ದೂರ ಹೋದ ಮೇಲೆ ದಕ್ಷಿಣದ ಬಾವುಟ ಇಳಿಸಿ, ಹಾನಾ ತಂದಿದ್ದ ಬಿಳಿ ಹಾಸಿಗೆ ಬಟ್ಟೆ ಏರಿಸಿದರು. ಎದುರಿದ್ದ ಆನ್‌ವರ್ಡ್ ಅನ್ನೋ ಉತ್ತರದ ಹಡಗು ಇನ್ನೇನು ತೋಪು ಹಾರಿಸಬೇಕು, ಅಷ್ಟರಲ್ಲಿ ಬೆಳಕಿಗೆ ಆ ಬಟ್ಟೆ ಕಂಡಿತು.

ಸ್ಮಾಲ್ಸ್‌ಗೆ ಆಗ 23 ವರ್ಷ. ಒಪ್ಪಿಸಿದ್ದು ಒಂದು ಹಡಗು, ಅದರದೇ ಎರಡು ತೋಪು, ಬೇರೆ ಕಡೆ ಸಾಗಿಸಬೇಕಿದ್ದ ಇನ್ನೂ ನಾಲ್ಕು ತೋಪು, ಸಂಜ್ಞೆಗಳ ಪುಸ್ತಕ, ಸಿಡಿಗುಂಡು ಎಲ್ಲೆಲ್ಲಿ ಹೂಳಿದ್ದಾರೆ ಅನ್ನುವ ಮಾಹಿತಿ. ಸರ್ಕಾರ ಬಹುಮಾನ ಕೊಟ್ಟಿತು, ಇವರ ಪಾಲಿಗೆ 1,500 ಡಾಲರ್.

ಆರಾಮಾಗಿ ಉತ್ತರಕ್ಕೆ ಹೋಗಿ ಅಂಗಡಿ ಇಟ್ಟುಕೊಂಡು ಬದುಕಬಹುದಿತ್ತು, ಹಾಗೆ ಮಾಡಲಿಲ್ಲ. ಅದೇ ವರ್ಷ ಆಗಸ್ಟಲ್ಲಿ ವಾಷಿಂಗ್ಟನ್‌ಗೆ ಹೋಗಿ, ಕಪ್ಪು ಜನರನ್ನೂ ಸೈನ್ಯಕ್ಕೆ ಸೇರಿಸಿಕೊಳ್ಳಿ ಅಂತ ಯುದ್ಧ ಸಚಿವ ಸ್ಟಾಂಟನ್ ಮುಂದೆ ಮನವಿ ಇಟ್ಟವರಲ್ಲಿ ಸ್ಮಾಲ್ಸ್ ಒಬ್ಬರು. 5,000 ಮಂದಿಯನ್ನು ಸೇರಿಸಿಕೊಳ್ಳುವ ಅನುಮತಿ ಹೊರಟಿತು. 1863ರ ಏಪ್ರಿಲಲ್ಲಿ ಕಿಯೊಕಕ್ ಅನ್ನುವ ಕಬ್ಬಿಣದ ಹೊದಿಕೆಯ ಹಡಗನ್ನು ಸಮ್ಟರ್ ಕೋಟೆಯ ಎದುರಿಗೇ ನಡೆಸಿದರು. 90ಕ್ಕೂ ಹೆಚ್ಚು ಗುಂಡು ಬಿದ್ದು ಅದು ಮಾರನೇ ಬೆಳಗ್ಗೆ ಮುಳುಗಿತು, ಇವರು ಬದುಕಿಕೊಂಡರು. ಅದೇ ವರ್ಷದ ಕೊನೆಗೆ ಪ್ಲಾಂಟರ್ ಗುಂಡಿನ ಮಳೆಗೆ ಸಿಕ್ಕಾಗ ಅದರ ಬಿಳಿ ಕ್ಯಾಪ್ಟನ್ ಶರಣಾಗೋಕೆ ಹೊರಟ. ಶರಣಾದರೆ ಬಿಳಿಯರು ಯುದ್ಧಕೈದಿಗಳಾಗ್ತಾರೆ, ಕಪ್ಪು ಸಿಬ್ಬಂದಿಯ ಗತಿ ಬೇರೆಯೇ. ಸ್ಮಾಲ್ಸ್ ತಾವೇ ಹಡಗನ್ನು ವಶಕ್ಕೆ ತಗೊಂಡು ಹೊರಗೆ ತಂದರು. ಆಮೇಲೆ ಆ ಹಡಗಿನ ಕ್ಯಾಪ್ಟನ್ ಜವಾಬ್ದಾರಿ ಇವರಿಗೇ ಬಂತು.

1864ರಲ್ಲಿ ಹಡಗಿನ ರಿಪೇರಿಗೆ ಫಿಲಡೆಲ್ಫಿಯಾಕ್ಕೆ ಹೋದರು. ಅಲ್ಲಿ ಎರಡು ಸಂಗತಿ ನಡೆದವು. ಒಂದು, ಅಲ್ಲಿಯವರೆಗೆ ನಿರಕ್ಷರಿಯಾಗಿದ್ದ ಈ ಯುದ್ಧವೀರ ಮೇಷ್ಟರನ್ನಿಟ್ಟುಕೊಂಡು ಅಕ್ಷರ ಕಲಿಯೋಕೆ ಕೂತರು. ಎರಡು, ಬೀದಿಯ ಟ್ರಾಮ್ ಗಾಡಿಯಲ್ಲಿ ಬಿಳಿಯರಿಗೆ ಸೀಟು ಬಿಡು ಅಂತ ಇವರನ್ನು ಎಬ್ಬಿಸಿದರು. ದೊಡ್ಡ ಸುದ್ದಿ ಆಯ್ತು, ಜನ ಪ್ರತಿಭಟಿಸಿದರು. 1867ರಲ್ಲಿ ಆ ರಾಜ್ಯ ಗಾಡಿಗಳಲ್ಲಿ ಈ ಭೇದ ಮಾಡಬಾರದು ಅಂತ ಕಾನೂನು ತಂದಿತು. ಅಂದರೆ ಗುಲಾಮಗಿರಿ ಇಲ್ಲದ ಊರಲ್ಲೂ ಸಮಾನತೆ ತಾನಾಗಿ ಸಿಗೋದಿಲ್ಲ ಅಂತ ಸ್ಮಾಲ್ಸ್‌ಗೆ ಮನದಟ್ಟಾಯ್ತು.

ಯುದ್ಧ ನಡೆಯುತ್ತಿದ್ದಾಗಲೇ ಬ್ಯೂಫರ್ಟ್ ಉತ್ತರದ ಪಡೆಯ ಕೈಗೆ ಬಂದಿತ್ತು. ಊರು ಬಿಟ್ಟು ಓಡಿದ ಬಿಳಿಯರ ಮನೆಗಳು ತೆರಿಗೆ ಕಟ್ಟದೆ ಹರಾಜಿಗೆ ಬಂದವು. ಹಾಗೆ ಬಂದ ಒಂದು ಮನೆಯನ್ನು ಸ್ಮಾಲ್ಸ್ ಕೊಂಡರು. ಯಾವುದು ಗೊತ್ತಾ? ಯಾವ ಮನೆಯ ಹಿಂದಿನ ಕೋಣೆಯಲ್ಲಿ ಹುಟ್ಟಿದ್ದರೋ ಅದೇ ಮನೆ. ತಾಯಿ ಲಿಡಿಯಾರನ್ನು ಅಲ್ಲೇ ಇಟ್ಟುಕೊಂಡರು. ಯುದ್ಧಕ್ಕೆ ಮುಂಚಿನ ಮಾಲೀಕ ಕೋರ್ಟಿಗೆ ಹೋದ. ಕೇಸು ಸುಪ್ರೀಂ ಕೋರ್ಟಿನವರೆಗೂ ಹೋಗಿ 1878ರಲ್ಲಿ ಸ್ಮಾಲ್ಸ್ ಪರ ತೀರ್ಪು ಬಂತು. ಅದೇ ತರಹ ಹರಾಜಲ್ಲಿ ತುಂಡು ಭೂಮಿ ಕೊಂಡಿದ್ದ ಎಷ್ಟೋ ಕಪ್ಪು ಕುಟುಂಬಗಳ ಹಕ್ಕು ಆ ತೀರ್ಪಿಂದ ಗಟ್ಟಿಯಾಯಿತು.

ಇನ್ನು ದೇಶ ಕಟ್ಟುವ ಕೆಲಸ. ಮೂರು ತಿದ್ದುಪಡಿಗಳು ಬಂದವು: 1865ರ ಹದಿಮೂರನೆಯದು ಗುಲಾಮಗಿರಿ ತೆಗೆಯಿತು, 1868ರ ಹದಿನಾಲ್ಕನೆಯದು ಪೌರತ್ವ ಮತ್ತು ಕಾನೂನಿನ ಸಮಾನ ರಕ್ಷಣೆ ಕೊಟ್ಟಿತು, 1870ರ ಹದಿನೈದನೆಯದು ಬಣ್ಣದ ಕಾರಣಕ್ಕೆ ಓಟು ಕಿತ್ತುಕೊಳ್ಳಬಾರದು ಅಂದಿತು. ದಕ್ಷಿಣದ ರಾಜ್ಯಗಳು ಹೊಸ ಸಂವಿಧಾನ ಬರೆದುಕೊಂಡೇ ಒಕ್ಕೂಟಕ್ಕೆ ಮರಳಬೇಕಿತ್ತು. 1868ರಲ್ಲಿ ಚಾರ್ಲ್ಸ್‌ಟನ್‌ನಲ್ಲಿ ದಕ್ಷಿಣ ಕೆರೊಲಿನಾದ ಸಂವಿಧಾನ ಸಭೆ ಸೇರಿತು. ಯುದ್ಧಕ್ಕೆ ಮುಂಚೆ ಆ ರಾಜ್ಯದ 7 ಲಕ್ಷ ಜನರಲ್ಲಿ 4 ಲಕ್ಷ ಮಂದಿ ಗುಲಾಮರೇ ಆಗಿದ್ದರು. ಈಗ ಸಭೆಯ ಸದಸ್ಯರಲ್ಲೂ ಹೆಚ್ಚಿನವರು ಕಪ್ಪು ಜನ. ಅವರಲ್ಲಿ ಸ್ಮಾಲ್ಸ್ ಒಬ್ಬರು. ಅಲ್ಲಿ ಅವರು ಹಿಡಿದ ವಿಷಯ ಒಂದೇ: ಎಲ್ಲ ಮಕ್ಕಳಿಗೂ ಉಚಿತ ಸರ್ಕಾರಿ ಶಾಲೆ. ಶ್ರೀಮಂತರು ಮನೆಗೆ ಮೇಷ್ಟರನ್ನು ಕರೆಸುತ್ತಿದ್ದ ರಾಜ್ಯವದು. ಬಡ ಬಿಳಿಯರ ಮಕ್ಕಳಿಗೂ ಸರಿಯಾದ ಶಾಲೆ ಇರಲಿಲ್ಲ. ಉಚಿತ ಶಾಲೆಯ ಮಾತು ಸಂವಿಧಾನದಲ್ಲಿ ಸೇರಿತು. ಅಕ್ಷರ ಕಲಿಯೋದು ಅಪರಾಧ ಆಗಿದ್ದ ಮನುಷ್ಯ ನಾಲ್ಕೇ ವರ್ಷ ಮೊದಲು ಅಕ್ಷರ ಕಲಿತು, ಇಡೀ ರಾಜ್ಯದ ಮಕ್ಕಳಿಗೆ ಅದನ್ನು ಹಕ್ಕು ಮಾಡಿಸಿದ್ದರು.

ಅಲ್ಲಿಂದ ರಾಜ್ಯದ ಶಾಸನಸಭೆ, ಮೇಲ್ಮನೆ, 1875ರಿಂದ ವಾಷಿಂಗ್ಟನ್‌ನ ಪ್ರತಿನಿಧಿ ಸಭೆ, ಒಟ್ಟು ಐದು ಅವಧಿ. ಆದರೆ ಗಾಳಿ ತಿರುಗುತ್ತಿತ್ತು. 1876ರ ಚುನಾವಣೆಯಲ್ಲಿ ಕೆಂಪಂಗಿ ತೊಟ್ಟ ಬಿಳಿಯರ ಸಶಸ್ತ್ರ ಗುಂಪುಗಳು ಊರೂರು ತಿರುಗಿ ಓಟು ಹಾಕದಂತೆ ಹೆದರಿಸಿದವು. ಹ್ಯಾಂಬರ್ಗ್ ಅನ್ನುವ ಊರಲ್ಲಿ ಕಪ್ಪು ಜನರನ್ನು ಹಿಡಿದು ಕೊಂದರು. 1877ರಲ್ಲಿ ಒಕ್ಕೂಟ ಸರ್ಕಾರ ಅಲ್ಲಿನ ರಾಜಕೀಯಕ್ಕೆ ಕಾವಲಾಗಿದ್ದ ಸೈನ್ಯವನ್ನು ಹಿಂದೆ ಸರಿಸಿತು. ಪುನರ್‌ನಿರ್ಮಾಣ ಯುಗ ಅಲ್ಲಿಗೆ ಮುಗಿಯಿತು.

ಅದೇ ವರ್ಷ ಸ್ಮಾಲ್ಸ್ ಮೇಲೆ 5,000 ಡಾಲರ್ ಲಂಚದ ಕೇಸು ಬಿತ್ತು. ಅಪರಾಧಿ ಅಂತ ತೀರ್ಪು, ಮೂರು ವರ್ಷ ಶಿಕ್ಷೆ. ಮುಖ್ಯ ಸಾಕ್ಷಿ ಹೇಳಿದವನು ಸ್ವತಃ ಅದೇ ಮುದ್ರಣ ಹಗರಣದಲ್ಲಿ ಸಿಕ್ಕಿಬಿದ್ದಿದ್ದವನು. 1879ರಲ್ಲಿ ರಾಜಕೀಯ ಒಪ್ಪಂದದ ಮೇಲೆ ಕ್ಷಮೆ ಸಿಕ್ಕಿತು. ಚುನಾವಣೆ ಅಕ್ರಮ ಮಾಡಿದ ಬಿಳಿಯರ ಮೇಲಿನ ಕೇಸು ಬಿಟ್ಟುಬಿಡಿ, ಇವರನ್ನು ಬಿಡ್ತೀವಿ ಅನ್ನೋ ಲೆಕ್ಕ. ಕ್ಷಮೆ ಸಿಕ್ಕಿದರೂ ಹೆಸರಿಗೆ ಅಂಟಿದ ಮಸಿ ಪೂರ್ತಿ ಹೋಗಲಿಲ್ಲ. ವಿರೋಧಿಗಳು ಅದನ್ನು ಕೊನೇವರೆಗೂ ಎತ್ತಿ ಆಡಿದರು.

ಈಗ ಆ ಹಳೇ ಕಾನೂನಿಗೆ ಬರೋಣ. 1895ರಲ್ಲಿ ಅದೇ ರಾಜ್ಯ ಮತ್ತೊಂದು ಸಂವಿಧಾನ ಬರೆಯೋಕೆ ಕೂತಿತು. ನಾಯಕ ಬೆಂಜಮಿನ್ ಟಿಲ್ಮನ್, ಉದ್ದೇಶ ಕಪ್ಪು ಜನರ ಓಟು ತೆಗೆಯೋದು. 160 ಸದಸ್ಯರಲ್ಲಿ ಕಪ್ಪು ಜನ ಆರೇ ಮಂದಿ, 56 ವರ್ಷದ ಸ್ಮಾಲ್ಸ್ ಅವರಲ್ಲೊಬ್ಬರು. ಬಣ್ಣದ ಹೆಸರು ಹೇಳಿ ಓಟು ಕೀಳೋಕೆ ಹದಿನೈದನೇ ತಿದ್ದುಪಡಿ ಬಿಡೋದಿಲ್ಲ. ಅದಕ್ಕೆ ಉಪಾಯ ಮಾಡಿದರು. ಓಟು ಬೇಕಾದವನು ಸಂವಿಧಾನದ ಒಂದು ಭಾಗ ಓದಬೇಕು, ಇಲ್ಲವೇ ಓದಿ ಹೇಳಿದ್ದನ್ನು ಅಧಿಕಾರಿಗೆ ತೃಪ್ತಿ ಆಗುವಂತೆ ವಿವರಿಸಬೇಕು. ಅಧಿಕಾರಿ ಬಿಳಿಯ. ಎಕ್ಸಾಮಿನರ್ ಮೊದಲೇ ಫೇಲ್ ಅಂತ ಬರೆದಿಟ್ಟು ಕೂತಿರೋ ವೈವಾ ನೆನೆಸಿಕೊಳ್ಳಿ, ಅದೇ ಇದು. ಬಿಳಿಯ ನಿರಕ್ಷರಿ ಪಾಸು, ಕಪ್ಪು ಮೇಷ್ಟ್ರು ಫೇಲು. ಅರವತ್ತು ವರ್ಷ ಹಿಂದೆ ಅಕ್ಷರ ಕಲಿಯಬೇಡ ಅಂದ ರಾಜ್ಯ ಈಗ ಅಕ್ಷರ ಬರೋದಿಲ್ಲ ಅಂತ ಓಟು ಕಿತ್ತುಕೊಂಡಿತು.

ಸ್ಮಾಲ್ಸ್ ಎದ್ದು ನಿಂತು ವಾದಿಸಿದರು. ತಮ್ಮ ಜನಕ್ಕೆ ವಿಶೇಷ ರಿಯಾಯಿತಿ ಏನೂ ಬೇಡ, ನ್ಯಾಯವಾದ ಚುನಾವಣೆ ಒಂದು ಸಾಕು ಅನ್ನೋದು ಅವರ ವಾದದ ತಿರುಳು. ಗೆಲ್ಲಲಿಲ್ಲ. ಗೆಲ್ಲೋದಿಲ್ಲ ಅಂತ ಗೊತ್ತಿದ್ದೇ ವಾದಿಸಿದ್ದರು. ಕೊನೆಗೆ ಆ ಸಂವಿಧಾನಕ್ಕೆ ಸಹಿ ಹಾಕಲು ನಿರಾಕರಿಸಿದರು.

ನಡುವೆ ಕೆಲವು ವರ್ಷ ಬಿಟ್ಟರೆ 1889ರಿಂದ ದೀರ್ಘಕಾಲ ಬ್ಯೂಫರ್ಟ್ ಬಂದರಿನ ಸುಂಕದ ಅಧಿಕಾರಿಯಾಗಿದ್ದರು. 1915ರ ಫೆಬ್ರವರಿ 23ರಂದು, 75ನೇ ವಯಸ್ಸಲ್ಲಿ, ತಾವು ಕೊಂಡ ಅದೇ ಮನೆಯಲ್ಲಿ ತೀರಿಕೊಂಡರು. ಕಿತ್ತುಕೊಂಡ ಓಟು ಪೂರ್ತಿಯಾಗಿ ವಾಪಸ್ ಬರೋಕೆ 1965ರ ಮತದಾನ ಹಕ್ಕು ಕಾಯ್ದೆ ಬರಬೇಕಾಯಿತು, ಅಂದರೆ ಇನ್ನೂ 50 ವರ್ಷ.

2023ರಲ್ಲಿ ಅಮೆರಿಕದ ನೌಕಾಪಡೆ ಚಾನ್ಸಲರ್ಸ್‌ವಿಲ್ ಅನ್ನುವ ತನ್ನ ಒಂದು ಯುದ್ಧನೌಕೆಯ ಹೆಸರು ಬದಲಿಸಿತು. ದಕ್ಷಿಣದ ಸೇನೆ ಗೆದ್ದ ಒಂದು ಕದನದ ಹೆಸರು ಅದು. ಈಗ ಆ ಹಡಗಿನ ಹೆಸರು ರಾಬರ್ಟ್ ಸ್ಮಾಲ್ಸ್. ಪೈಲಟ್ ಅಂತ ಕರೆಸಿಕೊಳ್ಳುವ ಹಕ್ಕೂ ಇಲ್ಲದೆ ಚಕ್ರ ಹಿಡಿದಿದ್ದವರ ಹೆಸರು.