ಅಪ್ಪನ ಮನಸ್ಸು ಬದಲಿಸಿದ ಮಗನ ಒಂದು ಎಕರೆ: ಸೀಮನ್ ನ್ಯಾಪ್ ಬದುಕಿನ ಕಥೆ

ಕೃಷಿ ಪದವಿ ಓದಿದವರಿಗೆ ಸೀಮನ್ ನ್ಯಾಪ್ ಎಂದರೆ ಪರೀಕ್ಷೆಯಲ್ಲಿ ಬರುವ ಒಂದು ಅಂಕದ ಪ್ರಶ್ನೆ. ರೈತರ ಹೊಲದಲ್ಲೇ ಹೊಸ ಪದ್ಧತಿಯನ್ನು ಮಾಡಿ ತೋರಿಸುವ ಪ್ರಾತ್ಯಕ್ಷಿಕೆಯ ಪಿತಾಮಹ ಯಾರು ಎಂದು ಕೇಳಿದರೆ ಇವರ ಹೆಸರು ಬರೆಯಬೇಕು. ಅಷ್ಟಕ್ಕೇ ಮರೆತುಬಿಡುವ ಹೆಸರಲ್ಲ ಇದು. ತಾವು ಇಂದಿಗೂ ನೆನಪಿನಲ್ಲಿ ಉಳಿಯುವಂತೆ ಮಾಡಿದ ಕೆಲಸವನ್ನು ನ್ಯಾಪ್ ಶುರು ಮಾಡಿದಾಗ ಅವರ ವಯಸ್ಸು 69. ಅಮೆರಿಕದ ಹಳ್ಳಿ ಮಕ್ಕಳ ಅತಿ ದೊಡ್ಡ ಸಂಘಟನೆಯಾದ 4-ಎಚ್ ಕ್ಲಬ್‌ಗಳ ಬೇರುಗಳಲ್ಲಿ ಒಂದು ಅವರ ಕೆಲಸದಲ್ಲಿದೆ.

ಊರುಗೋಲು ಹಿಡಿದ ಮೇಷ್ಟ್ರು

ನ್ಯಾಪ್ ಹುಟ್ಟಿದ್ದು 1833ರ ಡಿಸೆಂಬರ್ 16ರಂದು, ನ್ಯೂಯಾರ್ಕ್ ರಾಜ್ಯದ ಶ್ರೂನ್ ಲೇಕ್ ಎಂಬಲ್ಲಿ. 1856ರಲ್ಲಿ ಯೂನಿಯನ್ ಕಾಲೇಜಿನಿಂದ ಪದವಿ ಪಡೆದು, ಅದೇ ವರ್ಷ ಮರಿಯಾ ಹಾಚ್‌ಕಿಸ್ ಅವರನ್ನು ಮದುವೆಯಾಗಿ ಶಿಕ್ಷಕ ವೃತ್ತಿಗೆ ಸೇರಿದರು. 1866ರಲ್ಲಿ ಕಾಲಿಗೆ ಆದ ಪೆಟ್ಟು ಅವರ ಬದುಕಿನ ದಾರಿಯನ್ನೇ ಬದಲಿಸಿತು. ವರ್ಷಗಟ್ಟಲೆ ಊರುಗೋಲು ಬಿಡಲಾಗಲಿಲ್ಲ. ಪಾಠಶಾಲೆ ಬಿಟ್ಟು, ಸಂಸಾರ ಸಮೇತ ಅಯೋವಾ ರಾಜ್ಯಕ್ಕೆ ಬಂದು ಬೇಸಾಯಕ್ಕೆ ಕೈಹಾಕಿದರು.

ಅಲ್ಲಿ ಅಂಧರ ಶಾಲೆ ನಡೆಸಿದರು, ಜಾನುವಾರು ಸಾಕಿದರು, ರೈತರಿಗಾಗಿ ಪತ್ರಿಕೆಯೊಂದರ ಸಂಪಾದಕರಾದರು. ಆಮೇಲೆ ಅಯೋವಾ ಕೃಷಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ, ಸ್ವಲ್ಪ ಕಾಲ ಅದರ ಅಧ್ಯಕ್ಷರೂ ಆದರು. ರಾಜ್ಯಕ್ಕೊಂದು ಕೃಷಿ ಪ್ರಯೋಗ ಕೇಂದ್ರ ಬೇಕೆಂದು ಅವರು ಬರೆದ ಕರಡು ಮಸೂದೆ, 1887ರಲ್ಲಿ ಬಂದ ಹ್ಯಾಚ್ ಕಾಯ್ದೆಗೆ ದಾರಿ ಮಾಡಿಕೊಟ್ಟಿತು.

1885ರಲ್ಲಿ ದಕ್ಷಿಣದ ಲೂಸಿಯಾನಕ್ಕೆ ಹೋದರು. ಕಂಪನಿಯೊಂದು ಅಲ್ಲಿ ಲಕ್ಷಾಂತರ ಎಕರೆ ಬಯಲು ಕೊಂಡಿತ್ತು. ಅಲ್ಲಿ ರೈತರನ್ನು ನೆಲೆಗೊಳಿಸುವ ಹೊಣೆ ನ್ಯಾಪ್ ಅವರದು. ಆದರೆ ಆ ಮಣ್ಣಿನಲ್ಲಿ ಏನೂ ಬೆಳೆಯದು ಎನ್ನುವುದು ಸ್ಥಳೀಯರ ಮಾತು. ಜಾಹೀರಾತು, ಭಾಷಣ ಯಾವುದೂ ಕೆಲಸಕ್ಕೆ ಬರಲಿಲ್ಲ. ಕೊನೆಗೆ ಪ್ರತಿ ಭಾಗದಲ್ಲೂ ಒಬ್ಬ ಒಳ್ಳೆಯ ರೈತನನ್ನು ಹುಡುಕಿ, ಅನುಕೂಲದ ಷರತ್ತಿನ ಮೇಲೆ ಭೂಮಿ ಕೊಟ್ಟು ಕೂರಿಸಿದರು. ಅವರು ಬೆಳೆ ತೆಗೆದದ್ದನ್ನು ಕಂಡ ಮೇಲೆ ಉಳಿದವರು ತಾವಾಗಿಯೇ ಬಂದರು. ಆ ಬಯಲು ಭತ್ತದ ನಾಡಾಯಿತು. 1898ರಲ್ಲಿ ಉತ್ತಮ ಭತ್ತದ ತಳಿ ಹುಡುಕಲು ನ್ಯಾಪ್ ಜಪಾನಿಗೂ ಹೋಗಿ ಬಂದರು.

ಹತ್ತಿಗೆ ಬಂದ ಹುಳು

ಮೆಕ್ಸಿಕೊ ಕಡೆಯಿಂದ 1890ರ ದಶಕದಲ್ಲಿ ಟೆಕ್ಸಾಸ್‌ಗೆ ನುಗ್ಗಿದ ಹತ್ತಿ ಮೂತಿ ಹುಳು ವರ್ಷ ವರ್ಷವೂ ಮುಂದೆ ಮುಂದೆ ಸರಿಯುತ್ತಿತ್ತು. ದಕ್ಷಿಣದ ರೈತನ ಬದುಕು ನಿಂತಿದ್ದೇ ಹತ್ತಿಯ ಮೇಲೆ. ಬೀಜ, ದಿನಸಿ ಎಲ್ಲವನ್ನೂ ಬರಲಿರುವ ಬೆಳೆಯ ಮೇಲೆ ಸಾಲ ತರುವ ಪದ್ಧತಿ. ಬೆಳೆ ಹೋದರೆ ರೈತನ ಜೊತೆಗೆ ಅಂಗಡಿಕಾರನೂ ಬ್ಯಾಂಕೂ ಮುಳುಗುವ ಸ್ಥಿತಿ.

ಸರ್ಕಾರದ ಪ್ರಯೋಗ ಕ್ಷೇತ್ರಗಳು ಆಗಲೇ ಇದ್ದವು. ಅದು ಸರ್ಕಾರದ ದುಡ್ಡು, ತಮ್ಮಿಂದಾಗದು ಎಂದು ರೈತರು ನೋಡಿ ಸುಮ್ಮನೆ ಹೋಗುತ್ತಿದ್ದರು. ಹೀಗಾಗಿ 1903ರ ಫೆಬ್ರವರಿಯಲ್ಲಿ ಟೆಕ್ಸಾಸ್‌ನ ಟೆರಲ್ ಊರಿನಲ್ಲಿ ನ್ಯಾಪ್ ಬೇರೆ ದಾರಿ ಹಿಡಿದರು. ಜಮೀನು ವಾಲ್ಟರ್ ಪೋರ್ಟರ್ ಎಂಬ ರೈತನದೇ, ದುಡಿಮೆಯೂ ಖರ್ಚೂ ಅವನದೇ. ನ್ಯಾಪ್ ಹೇಳಿದ ಪದ್ಧತಿಯಲ್ಲಿ ಬೇಸಾಯ ಮಾಡಬೇಕು. ನಷ್ಟವಾದರೆ ತುಂಬಿಕೊಡಲು ಊರಿನ ವರ್ತಕರು ಹಣ ಕೂಡಿಸಿಟ್ಟರು. ಆ ಹಣ ಮುಟ್ಟುವ ಪ್ರಸಂಗವೇ ಬರಲಿಲ್ಲ. 70 ಎಕರೆಯಲ್ಲಿ ಪೋರ್ಟರ್‌ಗೆ ಹಳೆಯ ಪದ್ಧತಿಗಿಂತ ಸುಮಾರು 700 ಡಾಲರ್ ಹೆಚ್ಚು ಸಿಕ್ಕಿತು.

ಮರುವರ್ಷ ಹುಳುವಿನ ವಿರುದ್ಧದ ಹೋರಾಟಕ್ಕೆ ಕೇಂದ್ರ ಸರ್ಕಾರದ ಹಣ ಬಂತು. ಹುಳು ತಲುಪದ ರಾಜ್ಯಗಳಲ್ಲಿ ಕೆಲಸ ಮಾಡಲು ರಾಕ್‌ಫೆಲ್ಲರ್ ನೆರವಿನ ಜನರಲ್ ಎಜುಕೇಶನ್ ಬೋರ್ಡ್ ಕೈಜೋಡಿಸಿತು. 1906ರಲ್ಲಿ ಟೆಕ್ಸಾಸ್‌ನ ಸ್ಮಿತ್ ಕೌಂಟಿಗೆ ಮೊದಲ ಕೃಷಿ ಏಜೆಂಟ್ ನೇಮಕವಾಯಿತು. ಅದೇ ವರ್ಷ ಟಸ್ಕೆಗೀ ಸಂಸ್ಥೆಯ ಥಾಮಸ್ ಕ್ಯಾಂಪ್‌ಬೆಲ್, ಕಪ್ಪು ಜನಾಂಗದ ಮೊದಲ ಏಜೆಂಟ್ ಆಗಿ ಕೆಲಸಕ್ಕೆ ಸೇರಿದರು.

ಮಕ್ಕಳ ಕೈಗೆ ಒಂದು ಎಕರೆ

ಇಷ್ಟಾದರೂ ಅನೇಕ ಅಪ್ಪಂದಿರು ಬಗ್ಗಲಿಲ್ಲ. ಅಜ್ಜನ ಕಾಲದಿಂದ ಬಂದ ಬೇಸಾಯವನ್ನು ಪಟ್ಟಣದ ಮಾತು ಕೇಳಿ ಬಿಡುವುದೇ? ಆ ಹೊತ್ತಿಗೆ ಹಲವು ರಾಜ್ಯಗಳಲ್ಲಿ ಶಿಕ್ಷಕರು ಮಕ್ಕಳ ಕೃಷಿ ಕ್ಲಬ್ ಕಟ್ಟುತ್ತಿದ್ದರು. ಓಹಾಯೊದಲ್ಲಿ ಎ.ಬಿ. ಗ್ರಹಾಂ 1902ರಲ್ಲೇ ಶುರು ಮಾಡಿದ್ದರು. ಮಿಸಿಸಿಪ್ಪಿಯ ಹೋಮ್ಸ್ ಕೌಂಟಿಯಲ್ಲಿ ಶಾಲೆಗಳ ಮೇಲ್ವಿಚಾರಕ ಡಬ್ಲ್ಯು.ಎಚ್. ಸ್ಮಿತ್ ಹುಡುಗರ ಮೆಕ್ಕೆಜೋಳ ಕ್ಲಬ್ ಕಟ್ಟಿದ್ದರು. ಇದರ ಬೆಲೆ ನ್ಯಾಪ್‌ಗೆ ಕೂಡಲೇ ಗೊತ್ತಾಯಿತು. ಸ್ಮಿತ್ ಅವರನ್ನು ತಮ್ಮ ಕೆಲಸಕ್ಕೆ ಸೇರಿಸಿಕೊಂಡು ಕ್ಲಬ್‌ಗಳನ್ನು ದಕ್ಷಿಣದಾದ್ಯಂತ ಹಬ್ಬಿಸಿದರು.

ನಿಯಮ ಸರಳ. ಹುಡುಗ ಒಂದು ಎಕರೆಯಲ್ಲಿ ತಾನೇ ಮೆಕ್ಕೆಜೋಳ ಬೆಳೆಯಬೇಕು. ಒಳ್ಳೆಯ ಬೀಜ ಆರಿಸಬೇಕು, ಆಳವಾಗಿ ಉಳಬೇಕು, ಎಡೆ ಹೊಡೆಯಬೇಕು. ಖರ್ಚಿನ ಲೆಕ್ಕ ಇಡಬೇಕು, ಬೆಳೆ ತೆಗೆದ ಬಗೆಯನ್ನು ಬರೆದುಕೊಡಬೇಕು. ಇಳುವರಿಯೊಂದಿಗೆ ಲಾಭ, ಪ್ರದರ್ಶನ, ಬರವಣಿಗೆಗೂ ಅಂಕ ಇತ್ತು. ಗೆದ್ದ ನಾಲ್ವರು ಹುಡುಗರು 1909ರಲ್ಲಿ ವಾಷಿಂಗ್ಟನ್‌ಗೆ ಹೋಗಿ ಕೃಷಿ ಸಚಿವರಿಂದ ಪ್ರಮಾಣಪತ್ರ ಪಡೆದರು. 1910ರಲ್ಲಿ ದಕ್ಷಿಣ ಕ್ಯಾರೊಲಿನಾದ ಹುಡುಗನೊಬ್ಬ ಒಂದೇ ಎಕರೆಯಲ್ಲಿ 228 ಬುಷೆಲ್‌ಗೂ ಹೆಚ್ಚು, ಅಂದರೆ ಸುಮಾರು 58 ಕ್ವಿಂಟಲ್ ಬೆಳೆದ. ಸುತ್ತಲಿನ ಹೊಲಗಳಲ್ಲಿ ಸಾಮಾನ್ಯವಾಗಿ ಸಿಗುತ್ತಿದ್ದುದು ಇದರ ಹತ್ತನೇ ಒಂದರಷ್ಟು. ಬದುವಿನ ಆಚೆ ನಿಂತ ಅಪ್ಪನಿಗೆ ಇನ್ನು ಯಾರ ಭಾಷಣವೂ ಬೇಕಿರಲಿಲ್ಲ.

ಹುಡುಗರಿಗೆ ಮಾತ್ರ ಯಾಕೆ ಎಂಬ ಪ್ರಶ್ನೆಗೆ ಅದೇ ರಾಜ್ಯದ ಶಿಕ್ಷಕಿ ಮೇರಿ ಕ್ರೋಮರ್ ಉತ್ತರ ಕೊಟ್ಟರು. ಹುಡುಗಿಯರಿಗೆ ಎಕರೆಯ ಹತ್ತನೇ ಒಂದು ಭಾಗದಲ್ಲಿ ಟೊಮೆಟೊ ಬೆಳೆದು ಡಬ್ಬಿಯಲ್ಲಿ ಸಂಸ್ಕರಿಸುವ ಕ್ಲಬ್ ತೆರೆದರು. ನ್ಯಾಪ್ ಬೆಂಬಲಕ್ಕೆ ನಿಂತರು. ಹಳ್ಳಿ ಹುಡುಗಿಯ ಕೈಗೆ ಅವಳದೇ ಸಂಪಾದನೆ ಬರತೊಡಗಿತು.

ಇದರಲ್ಲೂ ಕೊರತೆ ಇತ್ತು. ಬಿಳಿಯರ ಮಕ್ಕಳಿಗೇ ಬೇರೆ ಕ್ಲಬ್, ಕಪ್ಪು ಮಕ್ಕಳಿಗೇ ಬೇರೆ ಕ್ಲಬ್. ದಕ್ಷಿಣದಲ್ಲಿ ಈ ಗೋಡೆ 1960ರ ದಶಕದವರೆಗೂ ನಿಂತಿತ್ತು. ಇನ್ನು, ಆ ಒಂದು ಎಕರೆ ಬಿಟ್ಟುಕೊಡಬೇಕಾದವನು ಅಪ್ಪ. ಅಪ್ಪನೇ ಗೇಣಿದಾರನಾದರೆ ಒಡೆಯನ ಒಪ್ಪಿಗೆ ಬೇಕು. ಹೊಲವೇ ಇಲ್ಲದ ಮನೆಯ ಮಗುವಿಗೆ ಈ ಪಾಠ ಸುಲಭಕ್ಕೆ ಎಟಕುವಂತಿರಲಿಲ್ಲ.

ನ್ಯಾಪ್ 1911ರ ಏಪ್ರಿಲ್ 1ರಂದು ವಾಷಿಂಗ್ಟನ್‌ನಲ್ಲಿ ನಿಧನರಾದರು. ಮೂರು ವರ್ಷಗಳ ನಂತರ, 1914ರ ಮೇ 8ರಂದು, ಸ್ಮಿತ್-ಲೀವರ್ ಕಾಯ್ದೆ ಬಂದು ಅವರ ಪದ್ಧತಿ ಇಡೀ ದೇಶದ ವ್ಯವಸ್ಥೆಯಾಯಿತು. ಚದುರಿದ್ದ ಮಕ್ಕಳ ಕ್ಲಬ್‌ಗಳು ನಾಲ್ಕೆಲೆಯ ಲಾಂಛನದ 4-ಎಚ್ ಹೆಸರಿನಲ್ಲಿ ಒಂದಾದವು. ತಲೆ, ಹೃದಯ, ಕೈ, ಆರೋಗ್ಯ ಎಂಬುದು ಆ ನಾಲ್ಕರ ಅರ್ಥ. ಶಿಕ್ಷಕರು, ರೈತರು, ತಾಯಂದಿರು ಸಂಬಳವಿಲ್ಲದ ಸ್ವಯಂಸೇವಕರಾಗಿ ಇವನ್ನು ನಡೆಸಿಕೊಂಡು ಬಂದಿದ್ದಾರೆ.

ನಮ್ಮಲ್ಲಿ 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದಾಗ ಗ್ರಾಮಸೇವಕರು ಹಳ್ಳಿಗೆ ತಂದಿದ್ದೂ ರೈತನ ಹೊಲದಲ್ಲೇ ಮಾಡಿ ತೋರಿಸುವ ಇದೇ ಪಾಠ. ಊರೂರಲ್ಲಿ ಯುವಕ ಮಂಡಳಿಗಳು ಹುಟ್ಟಿದ್ದೂ ಆ ದಿನಗಳಲ್ಲೇ. ಇಂದು ಕೃಷಿ ವಿಜ್ಞಾನ ಕೇಂದ್ರಗಳು ರೈತರ ಜಮೀನಿನಲ್ಲಿ ನಡೆಸುವ ಮುಂಚೂಣಿ ಪ್ರಾತ್ಯಕ್ಷಿಕೆ ಅದರ ಮುಂದುವರಿಕೆ. ಆದರೆ ಹದಿಮೂರರ ಹುಡುಗಿಗೆ ಅವಳದೇ ಹತ್ತು ಸಾಲು ಟೊಮೆಟೊ, ಅವಳದೇ ಲೆಕ್ಕದ ಪುಸ್ತಕ ಕೊಟ್ಟು ನಂಬುವ ಕೆಲಸ ನಮ್ಮ ಊರುಗಳಲ್ಲಿ ಇನ್ನೂ ಆಗಬೇಕಿದೆ.

ವಾಷಿಂಗ್ಟನ್‌ನಲ್ಲಿ ಕೃಷಿ ಇಲಾಖೆಯ ಎರಡು ಕಟ್ಟಡಗಳನ್ನು ರಸ್ತೆಯ ಮೇಲೆ ಬೆಸೆಯುವ ಕಮಾನಿಗೆ ನ್ಯಾಪ್ ಹೆಸರಿಟ್ಟಿದ್ದಾರೆ. ಅದರ ಕೆಳಗೆ ಇಂದಿಗೂ ವಾಹನಗಳು ಓಡಾಡುತ್ತವೆ.