ರೇಬೀಸ್ ವಿರುದ್ಧ ಸಮರ ಸಾರಿದ ಲೂಯಿ ಪಾಶ್ಚರ್

ಸೆಪ್ಟೆಂಬರ್ 28ನ್ನು ವಿಶ್ವ ರೇಬೀಸ್ ದಿನವನ್ನಾಗಿ ಆಚರಿಸಲಾಗುತ್ತಿದೆ. ಹುಚ್ಚುನಾಯಿ ಕಡಿತಕ್ಕೆ ಲಸಿಕೆ ನೀಡಿದ ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್ 1895ರಲ್ಲಿ ನಿಧನರಾದ ದಿನವದು.

1822ರ ಡಿಸೆಂಬರ್ 27ರಂದು ದೋಲ್ ಪಟ್ಟಣದಲ್ಲಿ, ಚರ್ಮ ಹದ ಮಾಡುವ ಕುಟುಂಬದಲ್ಲಿ ಜನಿಸಿದ ಪಾಶ್ಚರ್ ಬೆಳೆದದ್ದು ಆರ್ಬುವಾದಲ್ಲಿ. 1831ರಲ್ಲಿ ಹುಚ್ಚು ಹಿಡಿದ ತೋಳವೊಂದು ಆ ಪರಿಸರದ ಹಲವರನ್ನು ಕಚ್ಚಿತ್ತು. ಕಾಸಿದ ಕಬ್ಬಿಣದಿಂದ ಗಾಯ ಸುಡುವುದೇ ಅಂದಿನ ಚಿಕಿತ್ಸೆ. ಎಂಟರ ಹರೆಯದ ಬಾಲಕನ ಮನಸ್ಸಿನಲ್ಲಿ ಆ ಭೀತಿ ಉಳಿದುಹೋಯಿತು.

ರಸಾಯನಶಾಸ್ತ್ರ ಕಲಿತ ಅವರು ರೇಷ್ಮೆಹುಳುವಿನ ರೋಗ, ಕೋಳಿಗಳ ಕಾಲರಾ, ದನಕುರಿಗಳ ಆಂಥ್ರಾಕ್ಸ್ ಕುರಿತು ಸಂಶೋಧನೆ ನಡೆಸಿದರು. 1868ರಲ್ಲಿ ಪಾರ್ಶ್ವವಾಯು ತಗುಲಿ ಎಡಭಾಗ ಸ್ವಾಧೀನ ತಪ್ಪಿದರೂ ಕೆಲಸ ನಿಲ್ಲಲಿಲ್ಲ. 1880ರಲ್ಲಿ ಎಮಿಲ್ ರೂ ಅವರೊಡನೆ ರೇಬೀಸ್ ಅಧ್ಯಯನ ಕೈಗೊಂಡರು. ರೋಗಾಣು ಆಗಿನ ಸೂಕ್ಷ್ಮದರ್ಶಕಕ್ಕೆ ಕಾಣುತ್ತಿರಲಿಲ್ಲ. ಸೋಂಕು ತಗುಲಿದ ಮೊಲದ ಬೆನ್ನುಹುರಿಯನ್ನು ಒಣಗಿಸಿದಂತೆಲ್ಲ ಅದರ ತೀವ್ರತೆ ಕುಗ್ಗುವುದನ್ನು ಕಂಡುಕೊಂಡು, ಅದರಿಂದಲೇ ಲಸಿಕೆ ತಯಾರಿಸಿದರು. ರೋಗಾಣು ನರಗಳ ಮೂಲಕ ಮೆದುಳು ತಲುಪಲು ಸಾಮಾನ್ಯವಾಗಿ ವಾರಗಳೇ ಬೇಕು. ಅಷ್ಟರೊಳಗೆ ದೇಹವನ್ನು ಸಜ್ಜುಗೊಳಿಸುವುದೇ ಈ ಚಿಕಿತ್ಸೆಯ ಗುಟ್ಟು.

1885ರ ಜುಲೈ 6ರಂದು ಅಲ್ಸಾಸ್‌ನ 9 ವರ್ಷದ ಜೋಸೆಫ್ ಮೈಸ್ಟರ್‌ನನ್ನು ತಾಯಿ ಪ್ಯಾರಿಸ್‌ಗೆ ಕರೆತಂದರು. ನಾಯಿ ಕಚ್ಚಿ ಎರಡೇ ದಿನವಾಗಿತ್ತು. ಪಾಶ್ಚರ್ ವೈದ್ಯರಾಗಿರಲಿಲ್ಲ, ಚುಚ್ಚುಮದ್ದು ಕೊಟ್ಟವರು ಡಾ. ಗ್ರಾಂಶೇ. ಒಟ್ಟು 13 ಚುಚ್ಚುಮದ್ದುಗಳ ಬಳಿಕ ಬಾಲಕ ಬದುಕುಳಿದ.

ಅದೇ ನವೆಂಬರ್‌ನಲ್ಲಿ 10 ವರ್ಷದ ಲೂಯಿಸ್ ಪೆಲೆಟಿಯೆ ಎಂಬ ಬಾಲಕಿ ಬಂದಾಗ ನಾಯಿ ಕಚ್ಚಿ 37 ದಿನ ಕಳೆದಿತ್ತು, ಗಾಯ ತಲೆಗೇ ಆಗಿತ್ತು. ಕಾಲ ಮಿಂಚಿದೆಯೆಂದು ತಿಳಿದೂ ಪಾಶ್ಚರ್ ಹೆತ್ತವರನ್ನು ಬರಿಗೈಯಲ್ಲಿ ಕಳುಹಿಸಲಾರದಾದರು. ಡಿಸೆಂಬರ್‌ನಲ್ಲಿ ಆಕೆ ಅಸುನೀಗಿದಳು. 1886ರ ಮಾರ್ಚ್ ಆರಂಭದ ಹೊತ್ತಿಗೆ ಚಿಕಿತ್ಸೆ ಪಡೆದ 350 ಮಂದಿಯಲ್ಲಿ ಅವರು ವರದಿ ಮಾಡಿದ ಸಾವು ಇದೊಂದೇ.

ಸಾರ್ವಜನಿಕರ ದೇಣಿಗೆಯಿಂದ 1888ರಲ್ಲಿ ಪ್ಯಾರಿಸ್‌ನಲ್ಲಿ ಪಾಶ್ಚರ್ ಸಂಸ್ಥೆ ಉದ್ಘಾಟನೆಗೊಂಡಿತು. ಭಾರತದಲ್ಲಿ 1900ರಲ್ಲಿ ಕಸೌಲಿ, 1907ರಲ್ಲಿ ಕೂನೂರಿನಲ್ಲಿ ಇದೇ ಹೆಸರಿನ ಸಂಸ್ಥೆಗಳು ಹುಟ್ಟಿಕೊಂಡವು.

ಹೊಟ್ಟೆಗೆ 14 ಸೂಜಿ ಚುಚ್ಚುತ್ತಾರೆಂಬ ಭಯ ಇಂದಿಗೂ ಹಲವರಲ್ಲಿದೆ. ಆ ಹಳೆಯ ಲಸಿಕೆಯ ಬಳಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೇ ನಿಂತಿದೆ. ಈಗ ತೋಳಿಗೆ ನಾಲ್ಕೈದು ಭೇಟಿಗಳಲ್ಲಿ ಲಸಿಕೆ ನೀಡಲಾಗುತ್ತದೆ. ಸರಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ನಾಯಿ ಕಚ್ಚಿದರೆ ಗಾಯಕ್ಕೆ ಅರಿಶಿನ, ಸುಣ್ಣ, ಖಾರದಪುಡಿ ಹಚ್ಚದೆ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಗಾಯದಲ್ಲಿ ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಇಮ್ಯುನೋಗ್ಲೋಬ್ಯುಲಿನ್ ಕೂಡ ಅಗತ್ಯ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ತೀರಾ ಅಪರೂಪ. ಮೈಸ್ಟರ್ ಉಳಿದದ್ದೂ ಪೆಲೆಟಿಯೆ ಅಳಿದದ್ದೂ ಒಂದೇ ಮದ್ದಿನ ಕಾಲದಲ್ಲಿ. ವಿಳಂಬ ಸಲ್ಲದು ಎಂಬುದೇ ಪಾಶ್ಚರ್ ಬದುಕು ಬಿಟ್ಟುಹೋದ ಪಾಠ.